ಫೆಬ್ರವರಿ ಎರಡರ ಕಾಂದೆ

ಕಾಂದೆಲಾರಿಯಾ ಹುಟ್ಟಿದ್ದು ಫೆಬ್ರವರಿ ಎರಡರಂದು, ಅದೂ ಅಡುಗೆಮನೆಯಲ್ಲಿ. ಅವಳ ತಾಯಿ ಒಲೆಯ ಮುಂದೆ ಕೂತು ತಮಾಲೆ ಕಡುಬಿಗೆ ಮೆಕ್ಕೆಜೋಳದ ಹಿಟ್ಟು ಮಿದಿಯುತ್ತಿದ್ದಳಂತೆ. ಸೊಂಟ ಹಿಡಿದುಕೊಂಡಿತು ಅಂದಳಂತೆ. ಸೂಲಗಿತ್ತಿ ಬರುವಷ್ಟರಲ್ಲಿ ಮಗು ಹೊರಗೆ ಬಂದಾಗಿತ್ತು. "ಮೊದಲು ಹಿಟ್ಟಿಗೆ ಬಟ್ಟೆ ಮುಚ್ರೇ, ಒಣಗತ್ತೆ! ಆಮೇಲೆ ಮಗು ನೋಡಿ" ಅಂತ ಬಾಣಂತಿ ಕೂಗಿದಳು ಅನ್ನುವುದು ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುವ ಕಥೆ. ನಿಜವೋ ಸುಳ್ಳೋ ದೇವರಿಗೇ ಗೊತ್ತು. ಆದರೆ ಆ ಮನೆಯ ಹೆಂಗಸರನ್ನು ಬಲ್ಲವರು ಯಾರೂ ಇದನ್ನು ಸುಳ್ಳು ಅನ್ನಲಾರರು.

ಆ ದಿನ ಮೇಣದ ಬತ್ತಿಯ ಹಬ್ಬ. ಕಾಂದೆಲಾರಿಯಾ ಅಂದರೆ ಆ ಹಬ್ಬದ ಹೆಸರೇ. ಪಾದ್ರಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ಮಗುವಿಗೆ ಅದನ್ನೇ ಇಟ್ಟ. ಮಾರನೆಯ ದಿನ ಸಂತ ಬ್ಲಾಸನ ಹಬ್ಬ. "ಒಂದು ದಿನ ತಡೆದಿದ್ರೆ ನನ್ನ ಬ್ಲಾಸಾ ಅಂತ ಕರೀತಿದ್ರು. ಬ್ಲಾಸಾ ಕೈಯ ತಮಾಲೆ ಯಾರು ತಿಂತಿದ್ರು ಹೇಳಿ?" ಅನ್ನುವುದು ಕಾಂದೆಯ ಹಳೆಯ ಜಂಬ.

ಅಲ್ಲಿಂದ ಶುರುವಾದದ್ದು. ಅವಳ ಬದುಕಿನ ದೊಡ್ಡ ಸಂಗತಿಗಳೆಲ್ಲ ಅದೇ ತಾರೀಕಿಗೆ ಜೋತುಬಿದ್ದಿವೆ. ತ್ರಾಂಕಿಲೀನೊ ಅವಳನ್ನು ಮದುವೆಗೆ ಕೇಳಿದ್ದು ಫೆಬ್ರವರಿ ಎರಡರಂದು, ಬಾಯಿ ತುಂಬ ತಮಾಲೆ ತುಂಬಿಕೊಂಡು. ಏನು ಕೇಳಿದ ಅಂತ ಅವಳಿಗೆ ಅರ್ಥವಾಗಲಿಲ್ಲ, "ಇನ್ನೊಂದು ಬೇಕಾ? ತಗೋ" ಅಂದುಬಿಟ್ಟಳು. ಚರ್ಚಿನ ಮೂಲೆಯಲ್ಲಿ ಅವಳು ಮೊದಲ ಸಲ ಪಾತ್ರೆ ಇಟ್ಟುಕೊಂಡು ವ್ಯಾಪಾರಕ್ಕೆ ನಿಂತದ್ದೂ ಆ ದಿನವೇ. ಮಗ ಉಬಾಲ್ದೊ ಮೊದಲ ಹೆಜ್ಜೆ ಇಟ್ಟದ್ದೂ ಆ ದಿನವೇ, ಹಬ್ಬದ ಪಾತ್ರೆಯ ಕಡೆಗೆ. ತ್ರಾಂಕಿಲೀನೊ ಮಾತ್ರ ಆಗಸ್ಟ್ ತಿಂಗಳಲ್ಲಿ ಸತ್ತ. "ಬದುಕಿನಲ್ಲಿ ನನ್ನ ಒಂದು ಮಾತು ಕೇಳದೆ ಮಾಡಿದ್ದು ಅದೊಂದೇ ಕೆಲಸ" ಅಂತ ಕಾಂದೆ ಈಗಲೂ ಸಮಾಧಿಯ ಮುಂದೆ ಹೂವಿಡುತ್ತ ಗದರುತ್ತಾಳೆ.

ಅವಳ ಕೈರುಚಿಯ ಬಗ್ಗೆ ಹೇಳಲೇಬೇಕು. ಬೆಟ್ಟದ ಮಗ್ಗುಲಿನ ಪಾಪಾಸುಕಳ್ಳಿ ತೋಟಗಳಿಗೆ ಹೋಗುವ ಆಳುಗಳು, ಶಾಲೆಯ ಮಕ್ಕಳು, ಪೇಟೆಗೆ ಓಡುವ ಗುಮಾಸ್ತರು ಎಲ್ಲರ ಬೆಳಗೂ ಅವಳ ಪಾತ್ರೆಯ ಮುಚ್ಚಳ ತೆಗೆದಾಗಲೇ ಆಗುತ್ತಿತ್ತು. ಹಂದಿಕೊಬ್ಬನ್ನು ಬೆಳ್ಳಗಾಗುವವರೆಗೆ ಬಡಿದು, ಅದಕ್ಕೆ ಜೋಳದ ಹಿಟ್ಟು ಸೇರಿಸಿ ಮತ್ತೆ ಬಡಿದು, ಚಿಟಿಕೆ ಹಿಟ್ಟನ್ನು ನೀರಿಗೆ ಹಾಕಿ ಅದು ತೇಲಿದರೆ ಸರಿ, ಮುಳುಗಿದರೆ ಮತ್ತೆ ಬಡಿ. ಆಮೇಲೆ ಒಳಗೆ ಹಸಿರು ಖಾರವೋ ಕೋಳಿಯೋ ಒಣದ್ರಾಕ್ಷಿಯೋ ಇಟ್ಟು ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಗೆ ನಿಲ್ಲಿಸುವುದು. ಪಾತ್ರೆಯ ತಳದ ನೀರಿನಲ್ಲಿ ಒಂದು ನಾಣ್ಯ ಹಾಕುತ್ತಾಳೆ. ನೀರು ಕುದಿಯುತ್ತಿರುವಷ್ಟು ಹೊತ್ತೂ ಅದು ಟಣಟಣ ಕುಣಿಯುತ್ತಿರುತ್ತದೆ, ಸದ್ದು ನಿಂತರೆ ನೀರು ಆರಿತು ಅಂತ. ಪಾತ್ರೆಯ ಹಿಡಿಗಳಿಗೆ ಸಿಪ್ಪೆಯ ಪಟ್ಟಿ ಕಟ್ಟುತ್ತಾಳೆ, ಮನೆಯ ಜಗಳ ಪಾತ್ರೆಯ ಕಿವಿಗೆ ಬೀಳದಿರಲಿ ಅಂತ. ನಗಬೇಡಿ. ತಮಾಲೆ ಮುನಿಸಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಯಾರಾದರೂ ಹೊಟ್ಟೆಯೊಳಗೆ ಸಿಟ್ಟು ಇಟ್ಟುಕೊಂಡು ನಿಂತರೆ ಅದು ಬೇಯುವುದಿಲ್ಲ. ಎಷ್ಟು ಕಟ್ಟಿಗೆ ಹಾಕಿದರೂ ಅಷ್ಟೇ, ಅರ್ಧ ಬೆಂದು ಅರ್ಧ ಹಸಿಯಾಗಿ ಸಿಪ್ಪೆಗೆ ಅಂಟಿಕೊಂಡು ಕೂರುತ್ತದೆ. ನಮ್ಮೂರಿನಲ್ಲಿ ಚಿಕ್ಕ ಮಕ್ಕಳಿಗೂ ಇದು ಗೊತ್ತು.

ಕಾಂದೆಗೋ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ಹಿಟ್ಟು ಬಡಿಯುವ ಹೊತ್ತಿಗೆ ಮಗನನ್ನೂ ಮನೆಯಿಂದ ಹೊರಗೆ ಅಟ್ಟಿ, ಒಬ್ಬಳೇ ಹಾಡಿಕೊಂಡು ಕೆಲಸ ಮಾಡುತ್ತಿದ್ದಳು. ಅವಳ ಹಾಡು ಕೇಳಿದವರು ಕೋಪವೇ ವಾಸಿ ಅನ್ನುತ್ತಿದ್ದರು. ಆ ಅಡುಗೆಮನೆಗೆ ಯಾವ ಹೊತ್ತಿನಲ್ಲಾದರೂ ನುಗ್ಗುವ ಹಕ್ಕು ಇದ್ದದ್ದು ಒಬ್ಬಳಿಗೇ, ನಿನ್ಫಾಳಿಗೆ.

ನಿನ್ಫಾ ಎದುರು ಮನೆಯ ದರ್ಜಿ. ಶಾಲೆಯ ಸಮವಸ್ತ್ರ ಹೊಲಿಯುವವಳು, ಮದುವೆಯಾಗದೆ ಉಳಿದವಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಹುಡುಗನನ್ನು ನೋಡಿ ನಕ್ಕವರು. ಆ ಹುಡುಗ ತ್ರಾಂಕಿಲೀನೊ. "ನಾನು ಬಿಟ್ಟುಕೊಟ್ಟೆ, ಇವಳು ತಗೊಂಡಳು" ಅಂತ ನಿನ್ಫಾ, "ನಿನ್ನ ನೋಡಿ ಓಡಿ ಬಂದು ನನ್ನ ಶಾಲಿನಲ್ಲಿ ಬಚ್ಚಿಟ್ಟುಕೊಂಡ ಕಣೇ" ಅಂತ ಕಾಂದೆ. ಐವತ್ತು ವರ್ಷದಿಂದ ಇದೇ ವಾದ, ಇಬ್ಬರಿಗೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನಿನ್ಫಾಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. ಅವಳನ್ನು ಒಳಗೆ ತಳ್ಳಿಕೊಂಡು ಹೋದಮೇಲೆ ಕಾಂದೆ ಹೊರಗಿನ ಬೆಂಚಿನಲ್ಲಿ ಕೂತು, ಮನೆಯಲ್ಲಿದ್ದ ಬಾಲಯೇಸುವಿನ ಜೊತೆ ವ್ಯವಹಾರಕ್ಕಿಳಿದಳು. ಅದು ಅವಳ ಅಜ್ಜಿಯ ಕಾಲದ ಸುಣ್ಣದ ಬೊಂಬೆ, ಒಂದು ಕಿರುಬೆರಳು ಮುರಿದಿದೆ. ಕ್ರಿಸ್‌ಮಸ್ ರಾತ್ರಿ ಹಲಗೆಯ ಮೇಲೆ ಜೋಡಿಸಿದ ಗೋದಲಿಯ ಹುಲ್ಲಿನಲ್ಲಿ ಮಲಗಿಸಿದ ಮಗುವನ್ನು ಫೆಬ್ರವರಿ ಎರಡರಂದು ಧರ್ಮತಾಯಿಯಾದವಳು ಎತ್ತಿ, ತಾನೇ ತಂದ ಹೊಸ ಬಟ್ಟೆ ತೊಡಿಸಿ, ಚರ್ಚಿಗೆ ಕರೆದುಕೊಂಡು ಹೋಗಬೇಕು. ಒಮ್ಮೆ ಒಪ್ಪಿಕೊಂಡರೆ ಮೂರು ವರ್ಷ ತಪ್ಪುವಂತಿಲ್ಲ. ಮೂರನೆಯ ವರ್ಷ ಮಗುವನ್ನು ಕುರ್ಚಿಯಲ್ಲಿ ಕೂರಿಸಿದರೆ ಪೂರ್ತಿಯಾದ ಹಾಗೆ.

"ಇವಳನ್ನ ಎಬ್ಬಿಸಿ ಕಳಿಸು" ಅಂದಳು ಕಾಂದೆ. "ಮೂರು ವರ್ಷ ಇವಳ ಕೈಯಲ್ಲೇ ನಿನಗೆ ಬಟ್ಟೆ ತೊಡಿಸ್ತೀನಿ. ಒಂದು ವರ್ಷ ತಪ್ಪಿದರೆ ಕೊಟ್ಟಿದ್ದನ್ನ ವಾಪಸ್ ತಗೋ, ನಾನು ಕೇಳಲ್ಲ."

ನಿನ್ಫಾ ಎದ್ದು ಬಂದಳು. ಹರಕೆಯ ಸುದ್ದಿಯನ್ನು ಕಾಂದೆ ಅವಳಿಗೆ ಹೇಳಲಿಲ್ಲ. ಹೇಳಿದರೆ ಸತ್ತೇ ಹೋಗುವಷ್ಟು ನಗುತ್ತಾಳೆ ಅಂತ ಅಂಜಿಕೆ. "ಧರ್ಮತಾಯಿ ಆಗ್ತೀಯಾ?" ಅಂತಷ್ಟೇ ಕೇಳಿದಳು. "ಗೊತ್ತು ಬಿಡು, ಬಿಟ್ಟಿ ದರ್ಜಿ ಬೇಕಾಗಿತ್ತು ನಿನಗೆ" ಅಂತ ನಿನ್ಫಾ ಒಪ್ಪಿಕೊಂಡಳು. ಅಲ್ಲಿಗೆ ಇಬ್ಬರೂ ಕೊಮಾದ್ರೆಗಳಾದರು. ಹಾಗಂದರೆ ಅಕ್ಕತಂಗಿಯರಿಗಿಂತ ಒಂದು ತೂಕ ಹೆಚ್ಚು, ಪರಸ್ಪರ ಬಹುವಚನದಲ್ಲಿ ಮಾತಾಡಬೇಕು. ಇವರು ಬಹುವಚನ ಬಳಸುತ್ತಿದ್ದದ್ದು ಜಗಳವಾದಾಗ ಮಾತ್ರ. ಮೊದಲ ವರ್ಷ ಬಿಳಿ ನಿಲುವಂಗಿ ಆಯಿತು, ಎರಡನೆಯ ವರ್ಷ ಕುರುಬರ ಹುಡುಗನ ವೇಷ ಆಯಿತು. ಉಳಿದದ್ದು ಒಂದೇ ವರ್ಷ. ಆ ವರ್ಷವೇ ಕಾಂದೆಯ ನಾಲಿಗೆ ಎಲ್ಲವನ್ನೂ ಹಾಳುಮಾಡಿತು.

ಜನವರಿ ಆರು, ಬಾಲಯೇಸುವನ್ನು ನೋಡಲು ಮೂವರು ರಾಜರು ಬಂದ ನೆನಪಿನ ಮೂರು ರಾಯರ ಹಬ್ಬ. ಉಂಗುರದ ಹಾಗೆ ದುಂಡಗಿರುವ ಸಿಹಿ ಬ್ರೆಡ್ಡಿನೊಳಗೆ ಪುಟ್ಟ ಬೊಂಬೆ ಹುದುಗಿಸಿರುತ್ತಾರೆ. ಬೊಂಬೆ ಯಾರ ತುಂಡಿನಲ್ಲಿ ಸಿಕ್ಕಿತೋ ಅವರು ಫೆಬ್ರವರಿ ಎರಡರಂದು ಎಲ್ಲರಿಗೂ ತಮಾಲೆ ಹಾಕಿಸಬೇಕು. ಹಾಗಾಗಿ ಆ ದಿನ ನಮ್ಮ ಜನ ಚಾಕು ಹಿಡಿಯುವ ರೀತಿಯೇ ಬೇರೆ. ಕಣ್ಣು ಕಿರಿದಾಗುತ್ತದೆ, ದೊಡ್ಡ ದೊಡ್ಡ ಮನುಷ್ಯರು ಬೆರಳಗಲದ ತುಂಡು ಕತ್ತರಿಸಿಕೊಂಡು "ನನಗೆ ಸಕ್ಕರೆ ಕಾಯಿಲೆ" ಅನ್ನುತ್ತಾರೆ.

ಆ ವರ್ಷ ಬೇಕರಿಯವನ ಜೊತೆ ಜಗಳವಾಗಿತ್ತು ಅಂತ ಕಾಂದೆ ಬ್ರೆಡ್ಡನ್ನು ತಾನೇ ಮಾಡಿದ್ದಳು. ಬೀದಿಯವರೆಲ್ಲ ಅವಳ ಅಂಗಳದಲ್ಲಿ ಸೇರಿದರು. ತುಂಡು ತುಂಡಾಗಿ ಬ್ರೆಡ್ಡು ಖಾಲಿಯಾಯಿತು. ಬೊಂಬೆ ಇಲ್ಲ!

"ಯಾರೋ ಬಚ್ಚಿಟ್ಟಿದಾರೆ" ಅಂದ ಉಬಾಲ್ದೊ.

ಎಲ್ಲರೂ ನಿನ್ಫಾಳ ಕಡೆ ತಿರುಗಿದರು. ಪಾಪ, ಅದಕ್ಕೂ ಕಾರಣವಿತ್ತು. ಹುಡುಗಿಯಾಗಿದ್ದಾಗ ಒಮ್ಮೆ ಅವಳು ಬೊಂಬೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು, ಪ್ರಾರ್ಥನೆಯ ಹಾಡು ಹಾಡಲಾಗದೆ ಸಿಕ್ಕಿಬಿದ್ದಿದ್ದಳು. ಆ ಹೆಸರು ಈ ವಯಸ್ಸಿಗೂ ಬಿಟ್ಟಿಲ್ಲ.

"ಬಾಯಿ ತೆಗಿಯೇ" ಅಂದಳು ಕಾಂದೆ.

ನಿನ್ಫಾ ನಗುತ್ತಲೇ ಬಾಯಿ ತೆರೆದು ನಾಲಿಗೆ ಚಾಚಿದಳು. "ನೋಡ್ಕೊ. ಹಲ್ಲೂ ಇಲ್ಲ, ಬೊಂಬೆಯೂ ಇಲ್ಲ."

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸುತ್ತಲೂ ಜನ, ಎಲ್ಲರೂ ನಗುತ್ತಿದ್ದಾರೆ, ಅಂಥ ಹೊತ್ತಿನಲ್ಲಿ ಕಾಂದೆಯ ನಾಲಿಗೆಗೆ ಲಗಾಮು ಎಲ್ಲಿ? "ಹಾಗಾದ್ರೆ ನುಂಗಿದಾಳೆ! ಡಾಕ್ಟರು ಖಾಲಿ ಮಾಡಿ ಕಳಿಸಿದ ಹೊಟ್ಟೆ ಅಲ್ವಾ, ಒಳಗೆ ಬೇಕಾದಷ್ಟು ಜಾಗ. ಬೊಂಬೆ ಕಾಲು ಚಾಚಿ ಮಲಗಿರುತ್ತೆ!"

ಒಬ್ಬಿಬ್ಬರು ನಕ್ಕರು. ಉಳಿದವರು ತಟ್ಟೆ ನೋಡಿಕೊಂಡರು. ನಿನ್ಫಾಳ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಅದರೊಳಗೆ ಅವಳಿರಲಿಲ್ಲ. ಶಾಲು ಹೊದ್ದು ಎದ್ದಳು. ಒಳಗೆ ಹೋಗಿ ಗೋದಲಿಯಲ್ಲಿ ಮಲಗಿದ್ದ ಮಗುವಿಗೆ ಬಗ್ಗಿ ಮುತ್ತಿಟ್ಟಳು. ಹೊರಗೆ ಬಂದು, "ನಿಮ್ಮ ಮಗುವಿಗೆ ಬೇರೆ ಧರ್ಮತಾಯಿ ನೋಡ್ಕೊಳ್ಳಿ, ಕೊಮಾದ್ರೆ" ಅಂದಳು. ಬೀದಿ ದಾಟಿ ಬಾಗಿಲು ಹಾಕಿಕೊಂಡಳು.

"ಹೋಗಲಿ ಬಿಡಿ, ನಾಳೆ ತಾನೇ ಬರ್ತಾಳೆ" ಅಂದಳು ಕಾಂದೆ.

ನಾಳೆ ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಕಾಂದೆ ಮುಖ ಊದಿಸಿಕೊಂಡು, ತಪ್ಪು ಅವಳದೇ ಅಂತ ಪಾತ್ರೆಗೆ, ಬೆಕ್ಕಿಗೆ, ಸತ್ತ ಗಂಡನ ಫೋಟೋಗೆ ಹೇಳಿಕೊಂಡು ತಿರುಗಿದಳು. ಚರ್ಚಿನ ಮೂಲೆಯಲ್ಲಿ ಮಾರುವ ಅವಳ ತಮಾಲೆ ಅಲ್ಲಲ್ಲಿ ಹಸಿಯಾಗಿ ಬರತೊಡಗಿತು. ತೋಟದ ಆಳುಗಳು ಸಿಪ್ಪೆ ಕೆರೆದು ತಿನ್ನುತ್ತ, "ಏನಮ್ಮಾ, ಮನೇಲಿ ಏನಾದ್ರೂ ಗಲಾಟೆನಾ?" ಅಂತ ಕೇಳಿದರೆ, "ನಿಮ್ಮ ಹಲ್ಲಿನದು ಗಲಾಟೆ" ಅಂತ ರೇಗುತ್ತಿದ್ದಳು.

ಹಬ್ಬ ಹತ್ತಿರ ಬಂತು. ಒಂದು ಮಧ್ಯಾಹ್ನ ಗೋದಲಿಯ ಧೂಳು ಹೊಡೆಯಲು ಹೋದವಳಿಗೆ, ಸುಣ್ಣದ ಒಂಟೆಯ ಹಿಂದೆ ಒಂದು ಕಾಫಿ ಕಪ್ಪು ಕಂಡಿತು. ಬಗ್ಗಿ ನೋಡಿದರೆ, ಕಪ್ಪಿನಲ್ಲಿ ಬೊಂಬೆ. ಬ್ರೆಡ್ಡಿಗೆ ಸೇರಿಸುವ ಮುಂಚೆ ಕಳೆದುಹೋಗದಿರಲಿ ಅಂತ ತಾನೇ ಜೋಪಾನವಾಗಿ ಅಲ್ಲಿಟ್ಟಿದ್ದಳು. ಸೇರಿಸಿಯೇ ಇರಲಿಲ್ಲ.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಲ್ಲೇ ಕೂತು ಮಗುವಿನ ಕಡೆ ನೋಡಿದಳು. "ನೀನಾದ್ರೂ ಹೇಳಬಾರದಿತ್ತಾ?" ಅಂದಳು. ಬರೀ ತಪ್ಪಿನ ನಾಚಿಕೆಯಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಈ ಮಗುವನ್ನು ನಿನ್ಫಾ ಎತ್ತದೇ ಹೋದರೆ ಹರಕೆ ಮುರಿಯುತ್ತದೆ. ಹರಕೆ ಮುರಿದರೆ ಆ ಗಡ್ಡೆ? ವಾಪಸ್ ತಗೋ ಅಂತ ಹೇಳಿದವಳು ತಾನೇ. ಆ ದಿನದಿಂದ ಎದುರು ಮನೆಯಲ್ಲಿ ಒಂದು ಕೆಮ್ಮು ಕೇಳಿದರೂ ಕಾಂದೆ ಕೈಗೆಲಸ ಬಿಟ್ಟು ಕಿಟಕಿಗೆ ಓಡುತ್ತಿದ್ದಳು.

ಈ ಸಂಗತಿಯನ್ನು ಅವಳು ಬಾಯಿಬಿಟ್ಟದ್ದು ಅಬುಂದಿಯೊ ಮೇಷ್ಟ್ರ ಹತ್ತಿರ ಮಾತ್ರ. ನಿವೃತ್ತ ಮೇಷ್ಟ್ರು, ಪಕ್ಕದ ಮನೆಯವರು. ಪ್ರತಿ ವರ್ಷ ಫೆಬ್ರವರಿ ಎರಡರ ಊಟದಲ್ಲಿ ಇವರದೊಂದು ಭಾಷಣ ತಪ್ಪಿದ್ದಲ್ಲ. ಸಾವಿರದ ಎಂಟುನೂರ ನಲವತ್ತೆಂಟನೇ ಇಸವಿ, ಇದೇ ದಿನ, ಗ್ವಾದಲೂಪೆಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, ಯುದ್ಧ ನಿಂತಿತು, ನಮ್ಮ ದೇಶದ ಅರ್ಧ ಭಾಗ ಉತ್ತರದ ನೆರೆದೇಶದವರ ಪಾಲಾಯಿತು. ಇಷ್ಟು ಹೇಳುವಷ್ಟರಲ್ಲಿ ಮೇಷ್ಟ್ರ ಕಣ್ಣು ತುಂಬುತ್ತದೆ, ನಮ್ಮ ತಮಾಲೆ ಆರುತ್ತದೆ. ಈ ಸಲ ತಾವು ಯಾವ ಕುರ್ಚಿಯಲ್ಲಿ ಕೂರಬೇಕು ಅಂತ ವಿಚಾರಿಸಲು ಬಂದಿದ್ದರು. ಕಾಂದೆ ಅಳುತ್ತ ಎಲ್ಲ ಹೇಳಿದಳು, ಹರಕೆಯನ್ನೂ ಸೇರಿಸಿ.

"ಹೋಗಿ ರಾಜಿ ಮಾಡ್ಕೊಳ್ಳಿ, ದೋನ್ಯಾ ಕಾಂದೆ. ಇತಿಹಾಸ ನೋಡಿ. ಇದೇ ದಿನ ಎರಡು ದೇಶಗಳೇ ರಾಜಿಯಾದವು."

"ಆ ರಾಜಿಯಲ್ಲಿ ಅರ್ಧ ದೇಶ ಹೋಯ್ತು ಅಂತ ನೀವೇ ವರ್ಷ ವರ್ಷ ಅಳ್ತೀರಲ್ಲ ಮೇಷ್ಟ್ರೇ!"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಅಳ್ತೀನಿ, ನಿಜ. ಆದ್ರೆ ಉಳಿದ ಅರ್ಧದಲ್ಲೇ ಅಲ್ವಾ ನಾವು ಕೂತು ತಿಂತಿರೋದು?"

ಮಾತು ನಾಟಿತು. ಕಾಂದೆ ತಲೆ ಬಾಚಿಕೊಂಡು, ತಟ್ಟೆಯಲ್ಲಿ ಸಿಹಿ ತಮಾಲೆ ಇಟ್ಟುಕೊಂಡು ಬೀದಿ ದಾಟಿದಳು. ಕಿಟಕಿಯೊಳಗೆ ಹೊಲಿಗೆ ಯಂತ್ರದ ಸದ್ದು, ನಿನ್ಫಾಳ ನಗು. ಯಾರೋ ಗಿರಾಕಿ ಬಂದಿರಬೇಕು. ನಾನಿಲ್ಲದೆಯೂ ನಗುತ್ತಾಳಾ ಅನ್ನಿಸಿತು. ಅಷ್ಟೇ ಸಾಕಾಯಿತು, ಗೇಟಿನಿಂದಲೇ ವಾಪಸ್ಸು. ತಮಾಲೆಯನ್ನು ದಾರಿಯಲ್ಲಿ ತಾನೇ ತಿಂದಳು.

ಫೆಬ್ರವರಿ ಎರಡು ಬಂದೇಬಿಟ್ಟಿತು. ಬೊಂಬೆ ಯಾರಿಗೂ ಸಿಗದ್ದರಿಂದ ಈ ಸಲ ತಮಾಲೆ ತನ್ನದೇ ಅಂತ ಕಾಂದೆ ಸಾರಿದ್ದಳು. ಎಲ್ಲರೂ "ಎಂಥ ದೊಡ್ಡ ಮನಸ್ಸು!" ಅಂದಿದ್ದರು. ಆ ಮಾತು ಅವಳನ್ನು ಮುಳ್ಳಿನ ಹಾಗೆ ಚುಚ್ಚಿತ್ತು. ಹೊತ್ತು ಹುಟ್ಟುತ್ತಲೇ ಅಂಗಳದ ಒಲೆಯ ಮೇಲೆ ಹಬ್ಬದ ದೊಡ್ಡ ಪಾತ್ರೆ ಏರಿತು. ಹಿಡಿಗಳಿಗೆ ಪಟ್ಟಿ, ಒಳಗೆ ನಾಣ್ಯ, ಕೆಳಗೆ ಬೆಂಕಿ, ಎಲ್ಲ ಸರಿ. ನಾಣ್ಯ ಕುಣಿಯಿತು. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಮುಚ್ಚಳ ತೆಗೆದು ಒಂದನ್ನು ಬಿಚ್ಚಿದರೆ ಹಿಟ್ಟು ಸಿಪ್ಪೆಗೆ ಅಂಟಿತ್ತು. ಇನ್ನಷ್ಟು ಕಟ್ಟಿಗೆ. ಮತ್ತೆ ಬಿಚ್ಚಿದರೂ ಅದೇ ಪಾಡು. ಪಕ್ಕದ ಮನೆಗಳಲ್ಲಿ ಆಗಲೇ ಎಲ್ಲರೂ ತಮ್ಮ ತಮ್ಮ ಬಾಲಯೇಸುಗಳಿಗೆ ಪೋಷಾಕು ತೊಡಿಸುತ್ತಿದ್ದರು.

"ಈ ಮನೇಲಿ ಯಾರೋ ಸಿಟ್ಟಾಗಿದಾರೆ" ಅಂದ ಉಬಾಲ್ದೊ.

"ಯಾರೋ ಸಿಟ್ಟಾಗಿರೋದು? ಯಾರಿಗೂ ಸಿಟ್ಟಿಲ್ಲ ಇಲ್ಲಿ!" ಅಂತ ಕಾಂದೆ ಕಿರುಚಿದ ಸದ್ದಿಗೆ ಮಾಡಿನ ಮೇಲಿನ ಪಾರಿವಾಳಗಳು ಹಾರಿಹೋದವು.

ಗೊತ್ತಿರುವ ಮದ್ದೆಲ್ಲ ಆಯಿತು. ಪಾತ್ರೆಗೆ ಕೆಂಪು ದಾರ ಕಟ್ಟಿದರು. ಮುನಿದ ಪಾತ್ರೆಯ ಮುಂದೆ ಕುಣಿದರೆ ಅದಕ್ಕೆ ನಗು ಬರುತ್ತದೆ ಅಂತಾರಲ್ಲ, ಉಬಾಲ್ದೊ ತನ್ನ ಹೊಟ್ಟೆ ಹೊತ್ತುಕೊಂಡು ಒಲೆಯ ಸುತ್ತ ಕುಣಿದ. ಮೇಷ್ಟ್ರೂ ಕೋಲು ಬದಿಗಿಟ್ಟು ಎರಡು ಸುತ್ತು ಹಾಕಿದರು. ಬೀದಿಯವರು ಗೋಡೆಯ ಮೇಲಿಂದ ಇಣುಕಿ ಚಪ್ಪಾಳೆ ಹೊಡೆದರು. ಪಾತ್ರೆ ಜಗ್ಗಲಿಲ್ಲ.

ಮೇಷ್ಟ್ರು ಏದುಸಿರು ಬಿಡುತ್ತ ಹತ್ತಿರ ಬಂದು, "ಇದು ಕುಣಿತಕ್ಕೆ ಬಗ್ಗೋದಲ್ಲ, ದೋನ್ಯಾ ಕಾಂದೆ" ಅಂತ ಮೆಲ್ಲಗೆ ಹೇಳಿದರು.

ಚರ್ಚಿನ ಗಂಟೆ ಮೊದಲ ಸಲ ಹೊಡೆಯಿತು. ಕಾಂದೆ ಸೌಟು ಎಸೆದಳು. "ಉಬಾಲ್ದೊ, ಬಾ ಇಲ್ಲಿ. ಗೋದಲಿ ಹಿಡಿ."

"ಅಮ್ಮಾ, ಧರ್ಮತಾಯಿ ಎತ್ತೋ ಮುಂಚೆ ಮಗು ಮುಟ್ಟಬಾರದು!"

"ಮಗುವನ್ನ ಯಾರೋ ಮುಟ್ಟಿದ್ದು? ಹಲಗೆ ಹಿಡಿ ಅಂದೆ."

ಹೀಗೆ, ನಮ್ಮ ಊರಿನ ಇತಿಹಾಸದಲ್ಲೇ ಮೊದಲ ಸಲ, ಒಂದು ಗೋದಲಿ ಹಲಗೆಯ ಸಮೇತ ಬೀದಿಗೆ ಬಂತು. ಪಾಚಿ, ಹುಲ್ಲು, ಗಾಜಿನ ಚೂರಿನ ಕೆರೆ, ಒಂಟೆ, ಕುರಿ, ನಡುವೆ ಒಂದು ತುಂಡು ಬಟ್ಟೆಯಲ್ಲಿ ಮಲಗಿದ ಬಾಲಯೇಸು. ಮುಂದಿನ ತುದಿ ಕಾಂದೆ, ಹಿಂದಿನ ತುದಿ ಉಬಾಲ್ದೊ. ಬಿದ್ದ ಕುರಿಗಳನ್ನು ಹೆಕ್ಕುತ್ತ ಮೇಷ್ಟ್ರು. ಒಂದು ಕುರಿಯನ್ನು ನಾಯಿ ಕಚ್ಚಿಕೊಂಡು ಓಡಿತು, ಅದು ಈವತ್ತಿಗೂ ಸಿಕ್ಕಿಲ್ಲ. ಅವರ ಹಿಂದೆ ಇಡೀ ಬೀದಿ. ನಾವು ಯಾರೂ ಹಿಂದೆ ಉಳಿಯಲಿಲ್ಲ, ಸುಳ್ಳೇಕೆ ಹೇಳಲಿ.

ನಿನ್ಫಾ ಬಾಗಿಲು ತೆರೆದಳು. ಹೊಸ ರವಿಕೆ ತೊಟ್ಟಿದ್ದಳು. ಹಲಗೆಯನ್ನು ನೋಡಿದಳು, ಕಾಂದೆಯ ಏಪ್ರನ್ನಿಗೆ ಮೆತ್ತಿದ ಹಿಟ್ಟನ್ನು ನೋಡಿದಳು. "ಏನು ಸಮಾಚಾರ? ಮನೆ ಖಾಲಿ ಮಾಡ್ತಿದೀರಾ?"

"ಬೊಂಬೆ ನಮ್ಮನೇಲೇ ಇತ್ತು" ಅಂದಳು ಕಾಂದೆ, ಎಲ್ಲರಿಗೂ ಕೇಳುವ ಹಾಗೆ. "ಕಪ್ಪಿನಲ್ಲಿ. ನಾನೇ ಬ್ರೆಡ್ಡಿಗೆ ಹಾಕೋದು ಮರೆತೆ. ನೀವು ನುಂಗಲಿಲ್ಲ."

"ಗೊತ್ತು."

"ಏನು ಗೊತ್ತು?"

"ಆವತ್ತೇ ಮಗುವಿಗೆ ಮುತ್ತು ಕೊಡೋಕೆ ಬಗ್ಗಿದಾಗ ಕಪ್ಪು ನೋಡ್ದೆ. ಒಂಟೆ ಹಿಂದೆ."

ಕಾಂದೆಯ ಕೈಯಲ್ಲಿ ಹಲಗೆ ಅಲುಗಿ ಇನ್ನೊಂದು ಕುರಿ ಉರುಳಿತು. "ಅಯ್ಯೋ ನಿನ್ನ! ಆಗಲೇ ಹೇಳಬಾರದಿತ್ತೇನೇ? ಇಷ್ಟು ದಿನ ನನ್ನ ಸುಟ್ಟು ಸುಣ್ಣ ಮಾಡಿದ್ಯಲ್ಲೇ!"

"ಹೇಳಿದ್ರೆ ಅಲ್ಲೇ ತಪ್ಪಾಯ್ತು ಅಂತಿದ್ರಿ. ಬೊಂಬೆ ವಿಷಯಕ್ಕೆ ತಪ್ಪಾಯ್ತು ಅಂದ್ರೆ ನನಗೇನು ಬಂತು?" ನಿನ್ಫಾಳ ದನಿ ಈಗ ಒಡೆಯಿತು. "ನನ್ನ ಹೊಟ್ಟೆ ಮಾತು ಆಡಿದ್ರಿ. ಎಲ್ಲರ ಮುಂದೆ. ಆ ಹೊಟ್ಟೆ ಕೊಯ್ದ ದಿನ ನಾನು ಎಷ್ಟು ಹೆದರಿದ್ದೆ ಅಂತ ಗೊತ್ತಿದ್ದದ್ದು ನಿಮಗೊಬ್ಬರಿಗೇ."

ಕಾಂದೆ ಹಲಗೆಯನ್ನು ಮೆಲ್ಲಗೆ ಹೊಸಿಲ ಮೇಲೆ ಇಳಿಸಿದಳು. ಮಂಡಿಯೂರಿ ಕೂತಳು.

"ನೀನು ಹೆದರಿದ್ದೆ. ನಾನು ಸತ್ತೇ ಹೋಗಿದ್ದೆ ಕಣೇ ಆವತ್ತು, ಹೊರಗೆ ಬೆಂಚಿನ ಮೇಲೆ. ಇವನಿಗೆ ಹರಕೆ ಹೇಳ್ಕೊಂಡೆ. ನಿನ್ನ ಉಳಿಸಿ ಕೊಟ್ರೆ ಮೂರು ವರ್ಷ ನಿನ್ನ ಕೈಯಲ್ಲೇ ಬಟ್ಟೆ ತೊಡಿಸ್ತೀನಿ ಅಂತ. ಬಿಟ್ಟಿ ದರ್ಜಿಗಲ್ಲ ಕಣೇ. ಇದು ಕೊನೇ ವರ್ಷ. ನೀನು ನನ್ನ ಮುಖ ನೋಡಬೇಡ, ಮಾತಾಡಬೇಡ, ನನ್ನ ತಮಾಲೆ ತಿನ್ನಬೇಡ. ಇವನನ್ನ ಮಾತ್ರ ಎತ್ತು. ನಿನಗೆ ಏನಾದ್ರೂ ಆದ್ರೆ ನಾನು ಯಾರ ಜೊತೆ ಜಗಳ ಆಡಲಿ?"

ಅತ್ತೇಬಿಟ್ಟಳು. ಮೂಗು ಸೊರಸೊರ ಅನ್ನಿಸುತ್ತ, ಏಪ್ರನ್ನಿನಲ್ಲಿ ಮುಖ ಒರೆಸಿ, ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡು ಅತ್ತಳು.

"ನನಗೋಸ್ಕರನಾ?" ಅಂದಳು ನಿನ್ಫಾ.

"ಮತ್ತೆ ಯಾರಿಗೋಸ್ಕರ? ಮೇಯರಿಗೋಸ್ಕರನಾ?"

ನಿನ್ಫಾ ಒಳಗೆ ಹೋದಳು. ಇನ್ನು ಹೊರಗೆ ಬರುತ್ತಾಳೋ ಇಲ್ಲವೋ ಅಂತ ನಾವು ಕತ್ತು ಚಾಚಿದೆವು. ಒಂದು ಕೈಯಲ್ಲಿ ಪುಟ್ಟ ಮರದ ಕುರ್ಚಿ, ಇನ್ನೊಂದರಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಹಿಡಿದು ಹೊರಗೆ ಬಂದಳು. ಬಿಳಿ ಕೋಟು, ಬೆರಳುದ್ದದ ತೋಳು, ಜೇಬಿನ ಮೇಲೆ ಕೆಂಪು ದಾರದ ಶಿಲುಬೆ. ಕತ್ತಿಗೆ ಹಾಕಲು ಕಪ್ಪು ದಾರದ ಪುಟಾಣಿ ಸ್ಟೆತಸ್ಕೋಪು. ರೋಗಿಗಳನ್ನು ನೋಡಿಕೊಳ್ಳುವ ಡಾಕ್ಟರ್ ಬಾಲಯೇಸುವಿನ ವೇಷ.

"ಯಾವತ್ತೋ ಮುಗಿಸಿದ್ದೆ" ಅಂದಳು, ಯಾರನ್ನೂ ನೋಡದೆ. "ಹರಕೆ ಗಿರಕೆ ನನಗೆ ಗೊತ್ತಿರಲಿಲ್ಲ. ಆದ್ರೆ ನನ್ನ ಹೊಟ್ಟೆಗೆ ಹೊಲಿಗೆ ಹಾಕಿದವರಿಗೆ ನಾನೂ ಒಂದು ಹೊಲಿಗೆ ಹಾಕಬೇಕು ಅಂತ ಇತ್ತು. ನೀನು ಬರದೇ ಹೋಗಿದ್ರೆ ನಾನೇ ಈಗ ನಿಮ್ಮನೆಗೆ ನುಗ್ಗಿ ಮಗು ಎತ್ಕೊಂಡು ಹೋಗ್ತಿದ್ದೆ. ನಿನ್ನ ಜೊತೆ ಮಾತ್ರ ಮಾತಾಡ್ತಿರಲಿಲ್ಲ."

ಬಗ್ಗಿ, ಎರಡೂ ಕೈಯಲ್ಲಿ ಮಗುವನ್ನು ಎತ್ತಿದಳು. ಬೀದಿಯಲ್ಲಿ ಯಾರೋ ಪಟಾಕಿ ಹಚ್ಚಿದರು. ಹೊಸಿಲ ಮೇಲೆಯೇ ಇಬ್ಬರೂ ಕೂತು ಕೋಟು ತೊಡಿಸಿದರು. ಒಬ್ಬಳು ತೋಳು ತೂರಿಸಿದರೆ ಇನ್ನೊಬ್ಬಳು ಗುಂಡಿ ಹಾಕಿದಳು. "ಬೆರಳು ಮುರಿದಿದೆ, ನಿಧಾನ!" "ನನಗೆ ಹೇಳ್ಕೊಡಬೇಡ, ನೀನು ಮೂಗು ಒರೆಸ್ಕೊ ಮೊದಲು." ಎರಡನೆಯ ಗಂಟೆ ಹೊಡೆದಾಗ ಓಡಿದರು.

ಚರ್ಚಿನಲ್ಲಿ ಎಲ್ಲರ ಮಡಿಲಲ್ಲೂ ಮಗು, ಎಲ್ಲರ ಕೈಯಲ್ಲೂ ಮೇಣದ ಬತ್ತಿ. ರೈತರು ಬಿತ್ತನೆಯ ಜೋಳವನ್ನು ಬುಟ್ಟಿಯಲ್ಲಿ ತಂದಿದ್ದರು. ಪಾದ್ರಿ ತೀರ್ಥ ಚಿಮುಕಿಸುತ್ತ ಬಂದವನು ಕುರ್ಚಿಯಲ್ಲಿ ಕೂತ ಡಾಕ್ಟರನ್ನು ಕಂಡು, "ಇವರ ಹತ್ತಿರ ನನ್ನ ಮಂಡಿನೋವು ತೋರಿಸಬೇಕು" ಅಂದ. ನಿನ್ಫಾ ನಕ್ಕಳು. ಅವಳ ನಗು ನೋಡಿ ಕಾಂದೆ ಮತ್ತೆ ಅತ್ತಳು. ಈ ಅಳು ಬೇರೆ ಥರದ್ದು.

ವಾಪಸ್ ಬಂದು ಪಾತ್ರೆಯ ಮುಚ್ಚಳ ತೆಗೆದರೆ, ಘಮ್ಮೆಂದಿತು. ಸಿಪ್ಪೆ ಬಿಚ್ಚಿದರೆ ತಮಾಲೆ ತಾನಾಗಿಯೇ ಜಾರಿ ತಟ್ಟೆಗೆ ಬಿತ್ತು. "ಅಷ್ಟು ಹೊತ್ತು ಬೆಂಕಿ ಮೇಲಿದ್ರೆ ಏನಾದ್ರೂ ಬೇಯುತ್ತೆ" ಅಂತ ಉಬಾಲ್ದೊ ಗೊಣಗಿದ. ಅವನ ಮಾತು ಯಾರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಅಂಗಳದಲ್ಲಿ ಮೇಜು ಹಾಕಿದೆವು. ಬಿಸಿ ಬಿಸಿ ಜೋಳದ ಗಂಜಿ, ಹಸಿರು ತಮಾಲೆ, ಕೆಂಪು ತಮಾಲೆ, ಮಕ್ಕಳಿಗೆ ಸಿಹಿಯದು. ಕಾಂದೆಯ ಹುಟ್ಟುಹಬ್ಬ ಅಂತ ಹಾಡಿದೆವು. ಅವಳೂ ಸೇರಿಕೊಂಡು ಹಾಡಿ ಕೆಡಿಸಿದಳು. ಮೇಷ್ಟ್ರು ಎದ್ದು ನಿಂತರು. ನಲವತ್ತೆಂಟನೇ ಇಸವಿ ಬಂತು, ಕಣ್ಣು ತುಂಬಿತು. ಆಗ ನಿನ್ಫಾ, "ಮೇಷ್ಟ್ರೇ, ಆ ಉತ್ತರದವರು ಈವತ್ತು ಏನು ಮಾಡ್ತಾರೆ ಗೊತ್ತಾ? ಬಿಲದಿಂದ ಹೆಗ್ಗಣದಂಥದ್ದೊಂದನ್ನ ಎಬ್ಬಿಸಿ, ಚಳಿ ಯಾವಾಗ ಹೋಗುತ್ತೆ ಅಂತ ಅದನ್ನ ಕೇಳ್ತಾರಂತೆ. ಅರ್ಧ ದೇಶ ಹೋಗಲಿ ಬಿಡಿ, ತಮಾಲೆ ನಮ್ಮ ಹತ್ತಿರವೇ ಉಳೀತಲ್ಲ!" ಅಂದಳು. ಮೇಷ್ಟ್ರು ನಗು ತಡೆಯಲಾರದೆ ಕೂತೇಬಿಟ್ಟರು. ಅವರ ಭಾಷಣ ಅಷ್ಟು ಬೇಗ ಮುಗಿದದ್ದು ಅದೇ ಮೊದಲು.

ಬಿಸಿಲು ಇಳಿದು ಒಬ್ಬೊಬ್ಬರೇ ಎದ್ದರು. ಮಗು ಕುರ್ಚಿಯಲ್ಲಿ ಕೂತಿತ್ತು, ಮೂರು ವರ್ಷ ಪೂರ್ತಿ. ಹರಕೆ ತೀರಿತ್ತು. ನಿನ್ಫಾ ಖಾಲಿ ಸಿಪ್ಪೆಗಳನ್ನು ಬಳಿದು ರಾಶಿ ಹಾಕುತ್ತಿದ್ದಳು. ಕಾಂದೆ ಅವಳ ಪಕ್ಕಕ್ಕೆ ಹೋಗಿ ಕೂತಳು.

"ಇನ್ನೂ ಮೂರು ವರ್ಷ ಧರ್ಮತಾಯಿ ಆಗ್ತೀಯಾ?"

"ಯಾಕೆ? ಹರಕೆ ತೀರಿತಲ್ಲ. ನಾನು ಗಟ್ಟಿಮುಟ್ಟಾಗಿದೀನಿ."

ಕಾಂದೆ ತನ್ನ ಕೈಗಳನ್ನು ನೋಡಿಕೊಂಡಳು. ಹಿಟ್ಟು ಬಡಿದು ಬಡಿದು ಗಂಟುಕಟ್ಟಿದ ಕೈಗಳು. "ಈ ಸಲ ನನಗೋಸ್ಕರ" ಅಂದಳು. "ನನಗೂ ವಯಸ್ಸಾಯ್ತು ಕಣೇ."

ನಿನ್ಫಾ ಸಿಪ್ಪೆ ಬಳಿಯುವುದನ್ನು ನಿಲ್ಲಿಸಿದಳು. ಎದ್ದು ಹೋಗಿ ಮಗುವಿನ ಕೋಟಿನ ಕಾಲರ್ ಸರಿಮಾಡಿದಳು. ಅದರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು, ಬಹಳ ಹೊತ್ತು ಹೇಳಿದಳು.

"ಏನು ಹೇಳ್ದೆ?" ಅಂತ ಕಾಂದೆ ಕೂಗಿದಳು.

"ನಿನಗ್ಯಾಕೆ? ಅದು ನನಗೂ ಅವನಿಗೂ ಇರೋ ವ್ಯವಹಾರ" ಅಂದಳು ನಿನ್ಫಾ. "ನೀನು ಮುಂದಿನ ವರ್ಷಕ್ಕೆ ಬಟ್ಟೆ ಯಾವ ಬಣ್ಣ ಅಂತ ಯೋಚನೆ ಮಾಡು."